ತೆರೆಯ ಮೇಲಿನ ನೆತ್ತರಿಗೆ ಲೆಕ್ಕ ಕೊಡುವವರು ಯಾರು?

ಸಿನಿಮಾದಲ್ಲಿ ಹಿಂಸೆ ಹೆಚ್ಚಾಯಿತು ಎಂಬ ದೂರು ಈಗ ಎಲ್ಲ ಕಡೆ ಕೇಳುತ್ತದೆ. ಹೀಗೆ ದೂರುವವರು ಹೆಚ್ಚಾಗಿ ಸಭ್ಯಸ್ಥರು. ತೆರೆಯ ಮೇಲೆ ನೆತ್ತರು ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಆದರೆ ಊರ ಹೊರಗಿನ ಕೇರಿಗೆ ನೀರು ಬಿಡದಿದ್ದಾಗ, ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಾಗ ಅವರ ಊಟಕ್ಕೆ ಏನೂ ತೊಂದರೆ ಆಗುವುದಿಲ್ಲ.

ಇನ್ನೊಂದು ಕಡೆ ನಮ್ಮವೇ ಹುಡುಗರು ಇದ್ದಾರೆ. ರಬಕವಿ-ಬನಹಟ್ಟಿಯಲ್ಲಿ ವಾರದ ಬಟವಡೆ ಕೈಗೆ ಬಂದ ಕೂಡಲೇ, ಮಗ್ಗದ ಸದ್ದು ಕಿವಿಯಿಂದ ಇಳಿಯುವ ಮೊದಲೇ ಪಿಕ್ಚರಿಗೆ ಓಡುವವರು. ಜಮಖಂಡಿಯ ಕಾಲೇಜಿಗೆ ಹಳ್ಳಿಯ ಬಸ್ಸಿನಲ್ಲಿ ನಿಂತು ಬರುವವರು. ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರು. 'ಏನ್ ಹೊಡದಾನ್ರಿ ಹೀರೋ! ಒಂದ ಏಟಿಗೆ ಹತ್ತ ಮಂದಿ' ಅಂತಾರ. ದಿನವಿಡೀ ಮಾಲೀಕನ ಮುಂದೆ ತಲೆ ತಗ್ಗಿಸಿದವನಿಗೆ ರಾತ್ರಿ ಯಾರೋ ಒಬ್ಬ ತಲೆ ಎತ್ತಿ ಹೊಡೆಯುವುದನ್ನು ನೋಡುವ ಆಸೆ ಇದ್ದರೆ ಅದನ್ನು ನಾವು ನಗುವಂತಿಲ್ಲ. ಆ ಆಸೆಯಲ್ಲಿ ಒಂದು ನಿಜವಾದ ಸಿಟ್ಟು ಇದೆ. ಆ ಸಿಟ್ಟನ್ನು ಯಾರು ಮಾರಿಕೊಳ್ಳುತ್ತಿದ್ದಾರೆ ಎಂಬುದೇ ನಮ್ಮ ಪ್ರಶ್ನೆ.

ಕಾವ್ಯ ಖಡ್ಗವಾಗಲಿ ಎಂದು 1979ರಲ್ಲಿ ಕೂಗು ಹಾಕಿದ ಬಂಡಾಯದ ಮಂದಿ ನಾವು. ಖಡ್ಗದ ಮಾತಾಡಿದವರು ಸಿನಿಮಾದ ಮಚ್ಚಿನ ಬಗ್ಗೆ ಬಾಯಿ ಮುಚ್ಚಿ ಕೂಡುವ ಹಾಗಿಲ್ಲ. ಅಹಿಂಸೆಯ ಉಪದೇಶ ಮಾಡಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ತೆರೆಯ ಮೇಲೆ ಕ್ರೌರ್ಯವನ್ನು ಎಷ್ಟು ತೋರಿಸಿದರು ಎಂದು ಅಳೆಯುವುದು ವ್ಯರ್ಥ. ಯಾರ ಕಣ್ಣಿನಿಂದ ತೋರಿಸಿದರು? ಹೊಡೆತದ ಮರುದಿನ ಏನಾಯಿತೆಂದು ತೋರಿಸಿದರೋ ಇಲ್ಲವೋ? ಈ ಎರಡು ಪ್ರಶ್ನೆಗೆ ಉತ್ತರ ಕೊಡುವ ಚಿತ್ರಕ್ಕೆ ಎಷ್ಟೇ ಕಠೋರವಾದ ಹಿಂಸೆಯನ್ನು ತೋರಿಸುವ ಹಕ್ಕಿದೆ. ಕೊಡದ ಚಿತ್ರಕ್ಕೆ ಒಂದು ಹನಿ ನೆತ್ತರು ಚೆಲ್ಲುವ ಹಕ್ಕೂ ಇಲ್ಲ.

ಮೊದಲಿಗೆ ಒಂದು ಹುಸಿ ವಾದವನ್ನು ಬದಿಗಿಡೋಣ. ಸಿನಿಮಾ ನೋಡಿಯೇ ಮಂದಿ ಕೆಡುತ್ತಾರೆ, ಹೊಡೆದಾಟ ಕಲಿಯುತ್ತಾರೆ ಎಂಬ ವಾದ ಅದು. ಕೊಪ್ಪಳ ಜಿಲ್ಲೆಯ ಮರಕುಂಬಿಯನ್ನು ನೆನಪು ಮಾಡಿಕೊಳ್ಳಿ. 2014ರ ಆಗಸ್ಟ್ 28ರಂದು ಸಿನಿಮಾ ನೋಡಲು ಹೋದಲ್ಲಿ ಆದ ಒಂದು ಜಗಳ ಊರಿಗೆ ಬಂದು ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಬೆಂಕಿ ತೆರೆಯಿಂದ ಇಳಿದು ಬಂದದ್ದೆ? ಟಾಕೀಜಿನಲ್ಲಾದ ಜಗಳ ಬೇರೆ ಯಾರ ನಡುವೆ ಆಗಿದ್ದರೂ ಅಲ್ಲಿಗೇ ಮುಗಿಯುತ್ತಿತ್ತು. ಮರಕುಂಬಿಯಲ್ಲಿ ಅದು ಗುಡಿಸಲಿನ ತನಕ ಬಂದದ್ದು ಜಾತಿಯ ದಾರಿ ಹಿಡಿದು. ಆ ದಾರಿ ಸಿನಿಮಾ ಹುಟ್ಟುವುದಕ್ಕಿಂತ ಬಹಳ ಮೊದಲೇ ಇತ್ತು. ಆದ್ದರಿಂದ ಸಿನಿಮಾದ ಮೇಲೆ ಎಲ್ಲ ಪಾಪ ಹೊರಿಸಿ ಊರನ್ನು ಬಿಡುಗಡೆ ಮಾಡುವ ಕೆಲಸ ನಮಗೆ ಬೇಡ.

1

ಹಿಂಸೆಯನ್ನು ಹೇಳುವ ಬಗೆ ಯಾವುದು ಎಂದು ಕೇಳಲು ನಾವು ದೂರ ಹೋಗಬೇಕಾಗಿಲ್ಲ. ಮುಧೋಳದ ಸೀಮೆಯ ಹಲಗಲಿ ನಮ್ಮ ಬಗಲಿಗೇ ಇದೆ. 1857ರಲ್ಲಿ ಇಂಗ್ರೇಜಿ ಸರ್ಕಾರ ಪರವಾನಗಿ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳಬಾರದು ಎಂದು ಕಾಯಿದೆ ತಂದಿತು. ಬೇಟೆಯೇ ಬದುಕಾಗಿದ್ದ ಬೇಡರು ಕೊಡುವುದಿಲ್ಲ ಎಂದರು. ದಂಡು ಬಂತು. ಊರು ಸುಟ್ಟಿತು. ಸಿಕ್ಕವರಲ್ಲಿ 19 ಮಂದಿಯನ್ನು ಆ ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು.

ಈ ಸಾವುಗಳನ್ನು ನೋಡಿದ ಕಣ್ಣು ಎರಡು. ಒಂದು ಸರ್ಕಾರದ ಕಣ್ಣು. ಅದಕ್ಕೆ ನೇಣುಗಂಬ ಒಂದು ಪ್ರದರ್ಶನ. ನೋಡಿದ ಮಂದಿ ಹೆದರಬೇಕು, ಇನ್ನೊಮ್ಮೆ ಯಾರೂ ತಲೆ ಎತ್ತಬಾರದು. ಇನ್ನೊಂದು ಲಾವಣಿಕಾರನ ಕಣ್ಣು. ಹಲಗಲಿ ಬೇಡರ ಲಾವಣಿ ಜನರ ಬಾಯಲ್ಲಿ ಉಳಿದು, ಫ್ಲೀಟ್ ಎಂಬ ಇಂಗ್ರೇಜಿ ಅಧಿಕಾರಿಯ ಸಂಗ್ರಹಕ್ಕೂ ಸೇರಿ, ಶಾಲೆಯ ಕನ್ನಡ ಪಠ್ಯದೊಳಗೂ ಬಂದಿದೆ. ಅದನ್ನು ಪಾಠ ಮಾಡುವ ಮಾಸ್ತರರು ಒಂದು ಸಂಗತಿ ಗಮನಿಸಿರಬಹುದು. ಲಾವಣಿಕಾರ ದಂಡು ಮಾಡಿದ ಲೂಟಿಯನ್ನು ಹೇಳುವಾಗ ಮನೆಯೊಳಗಿನ ಸಾಮಾನುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಹಾಲು ಮೊಸರು ಹೋಯಿತು, ಉಪ್ಪು ಬೆಲ್ಲ ಹೋಯಿತು, ಬೀಸುವ ಕಲ್ಲು ಹೋಯಿತು, ಹೆಣ್ಣಿನ ಕೊರಳ ತಾಳಿಯೂ ಹೋಯಿತು. ಬೀಸುವ ಕಲ್ಲು ಹೋದ ಮನೆಯಲ್ಲಿ ನಾಳೆ ರೊಟ್ಟಿ ಇಲ್ಲ. ಕೊರಳ ತಾಳಿ ಹೋದವಳ ನಾಳೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆತ್ತರಿನ ವರ್ಣನೆಗಿಂತ ಈ ಪಟ್ಟಿ ಎದೆಗೆ ಹೆಚ್ಚು ಬಡಿಯುತ್ತದೆ. ಯಾಕಂದರೆ ಅದರಲ್ಲಿ ಮರುದಿನ ಇದೆ.

ಇನ್ನೊಂದು ಮಾತು. ಹತಾರ ಕೇಳಲು ಬಂದ ಕಾರಕೂನನ ಕಪಾಳಕ್ಕೆ ಬೇಡರು ಹೊಡೆದದ್ದನ್ನು ಲಾವಣಿಕಾರ ಮುಚ್ಚಿಡುವುದಿಲ್ಲ. ಅದನ್ನು ಅಭಿಮಾನದಿಂದಲೇ ಹೇಳುತ್ತಾನೆ. ಅಂದರೆ ನಮ್ಮ ಜನಪದ ತಿರುಗೇಟನ್ನು ಪಾಪ ಎಂದುಕೊಂಡಿಲ್ಲ. ಆದರೆ ಆ ಏಟಿಗೆ ಊರು ಕೊಟ್ಟ ಬೆಲೆಯನ್ನೂ ಅದೇ ಹಾಡಿನಲ್ಲಿ ಹೇಳುತ್ತದೆ. ಏಟೂ ಇದೆ, ಲೆಕ್ಕವೂ ಇದೆ.

ಅದೇ ಮುಧೋಳದ ರನ್ನನಲ್ಲೂ ಈ ಲೆಕ್ಕದ ಒಂದು ಭಾಗ ಸಿಗುತ್ತದೆ. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನ ಸೇರಿದ ಈ ಕವಿ 'ಗದಾಯುದ್ಧ'ದಲ್ಲಿ ಭೀಮನ ರೋಷವನ್ನು ಎಷ್ಟು ಬೇಕಾದರೂ ಉರಿಸುತ್ತಾನೆ. ಆದರೆ ಅದಕ್ಕಿಂತ ಮೊದಲು ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣನ ಹೆಣ, ತಮ್ಮನ ಹೆಣ, ಮಗನ ಹೆಣ, ಕರ್ಣನ ಹೆಣ, ವೈರಿಯ ಮಗ ಅಭಿಮನ್ಯುವಿನ ಹೆಣ. ಕೊಲ್ಲಿಸಿದವನೇ ನಿಂತು ಮಾತಾಡಿಸಬೇಕು. ಸಾವಿರ ವರ್ಷದ ಹಿಂದಿನ ಈ ಕಾವ್ಯಕ್ಕೆ ಗೊತ್ತಿದ್ದ ಸಂಗತಿ ಇವತ್ತಿನ ಕೋಟಿ ಕೋಟಿಯ ಚಿತ್ರಗಳಿಗೆ ಗೊತ್ತಿಲ್ಲ: ಬಿದ್ದ ಹೆಣಕ್ಕೆ ಒಂದು ಹೆಸರಿರುತ್ತದೆ. ಹಾಗೆಂದು ಆಸ್ಥಾನ ಕವಿಯ ಮಿತಿಯನ್ನು ನಾವು ಮರೆಯಬಾರದು. ಅವನು ಹೆಸರಿಟ್ಟು ಅಳಿಸುವುದು ಅರಸು ಮಕ್ಕಳಿಗೆ, ಗುರುಗಳಿಗೆ. ಸತ್ತ ಕಾಲಾಳುಗಳು ಅಲ್ಲಿ ಬರೀ ರಾಶಿ. ಕಾಲಾಳಿಗೆ ಹೆಸರು ಬರಲು ಲಾವಣಿ ಬರಬೇಕಾಯಿತು. ಜಡಗ, ಬಾಲ, ಹನುಮ, ರಾಮ ಎಂದು ಕರೆಯಬೇಕಾಯಿತು.

2

ಈ ಅಳತೆಗೋಲು ಹಿಡಿದು ನಮ್ಮ ಹುಡುಗರು ಮೆರವಣಿಗೆ ಮಾಡಿದ ಚಿತ್ರದ ಹತ್ತಿರ ಹೋಗೋಣ. ಪ್ರಶಾಂತ್ ನೀಲ್ ಅವರ 'ಕೆಜಿಎಫ್' ಮೊದಲ ಭಾಗ 2018ರ ಡಿಸೆಂಬರಿನಲ್ಲಿ ಬಂತು. ಎರಡನೆಯ ಭಾಗ 2022ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನವೇ ಬಂತು. ಕಥೆ ಕಲ್ಪಿತ ಅನ್ನುತ್ತಾರೆ. ಆದರೆ ಹೆಸರು ಕಲ್ಪಿತ ಅಲ್ಲ. ಕೋಲಾರದ ಚಿನ್ನದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪನಿ ತೋಡಿಸಿತು. ತೋಡಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಸುರಂಗದಲ್ಲಿ ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ಧೂಳು ಕುಡಿದು ಎದೆ ಒಣಗಿ ಸತ್ತವರಿದ್ದಾರೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕೂಲಿ ಹುಡುಕಿಕೊಂಡು ಬೆಂಗಳೂರಿನ ರೈಲು ಹತ್ತಿದವರೂ ಇದ್ದಾರೆ. ಆ ಮಂದಿ ಸುಮ್ಮನೆ ಒದೆ ತಿಂದವರಲ್ಲ. 1930ರಲ್ಲಿ ಬೆರಳಚ್ಚು ಕೊಡುವುದಿಲ್ಲವೆಂದು ಕೆಲಸ ನಿಲ್ಲಿಸಿ ನಿಂತವರು.

ಚಿತ್ರದಲ್ಲಿ ಇವರೆಲ್ಲ ಎಲ್ಲಿ ಹೋದರು? ಅಲ್ಲಿ ಇರುವುದು ಮಸಿ ಬಳಿದ ಮುಖದ ಗುಲಾಮರ ಹಿಂಡು. ಅವರು ಹೊಡೆತ ತಿನ್ನುತ್ತಾರೆ, ಸಾಯುತ್ತಾರೆ, ಅಳುತ್ತಾರೆ, ಕಾಯುತ್ತಾರೆ. ಅವರ ನೋವು ಹೀರೋನ ಬರುವಿಕೆಗೆ ಹಾಕಿದ ಚಪ್ಪರ. ಹೊರಗಿನಿಂದ ಒಬ್ಬ ಬರುತ್ತಾನೆ, ಹೊಡೆಯುತ್ತಾನೆ, ಹಿಂಡು ಅವನನ್ನು ದೇವರೆನ್ನುತ್ತದೆ. ಮುಷ್ಕರ ಮಾಡಿದ ಜನರನ್ನು ಭಜನೆ ಮಾಡುವ ಜನರನ್ನಾಗಿ ಮಾಡಿದ್ದೇ ಆ ಚಿತ್ರದ ಅತಿ ದೊಡ್ಡ ಹಿಂಸೆ ಎಂದು ನಾವು ಹೇಳುತ್ತೇವೆ. ಎರಡನೆಯ ಭಾಗದಲ್ಲಿ ಹೀರೋ ಪೊಲೀಸ್ ಠಾಣೆಯನ್ನು ಭಾರಿ ಗನ್ನಿನಿಂದ ಪುಡಿ ಮಾಡಿ, ಕೆಂಪಗೆ ಕಾದ ಅದರ ಬಾಯಿಗೆ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಟಾಕೀಜು ಎದ್ದು ಕುಣಿಯುತ್ತದೆ. ನೋಡಲಿಕ್ಕೆ ಚಂದ ಇದೆ, ನಾವು ಇಲ್ಲ ಅನ್ನುವುದಿಲ್ಲ. ಆ ಚಂದವೇ ಅಪಾಯ. ಹಿಂಸೆ ನನಗೆ ಬೇಡ, ನಾನೇ ಹಿಂಸೆಗೆ ಬೇಕಾದವನು ಎಂಬ ಅರ್ಥದ ಮಾತನ್ನು ಅವನು ಇಂಗ್ಲಿಷಿನಲ್ಲಿ ಆಡುತ್ತಾನೆ. ಬಾಯಿಪಾಠ ಮಾಡಿದ ನಮ್ಮ ಹುಡುಗರಿಗೆ ಒಂದೇ ಪ್ರಶ್ನೆ: ಗಣಿಯೊಳಗೆ ಸತ್ತ ಒಬ್ಬ ಕೂಲಿಯ ಹೆಸರು ನೆನಪಿದೆಯೇನ್ರಪಾ?

'ಕೆಜಿಎಫ್' ನಮ್ಮ ಇತಿಹಾಸವನ್ನು ಅಳಿಸಿತು. 'ಕಾಟೇರ' ಬೇರೆ ಬಗೆಯದು. 2023ರ ಡಿಸೆಂಬರಿನಲ್ಲಿ ಬಂದ ತರುಣ್ ಸುಧೀರ್ ಅವರ ಈ ಚಿತ್ರ ಗೇಣಿ ರೈತರ ಸಂಕಟವನ್ನು, ಜಾತಿಯ ಮಾತನ್ನು, ದೇವರಾಜ ಅರಸು ಕಾಲದ 1974ರ ಭೂಸುಧಾರಣೆಯನ್ನು ದೊಡ್ಡ ತೆರೆಗೆ ತಂದಿತು. ಇದನ್ನು ಮೆಚ್ಚಲೇಬೇಕು. ಕನ್ನಡದ ಜನಪ್ರಿಯ ಚಿತ್ರವೊಂದು 'ಉಳುವವನೇ ಹೊಲದೊಡೆಯ' ಎಂಬ ಮಾತಿನ ಹಿಂದಿನ ಹಸಿವನ್ನು ತೋರಿಸಿದ್ದು ಸಣ್ಣದಲ್ಲ. ಆದರೂ ಕೊನೆಗೆ ತೀರ್ಪು ಬರೆಯುವುದು ಮಚ್ಚು. ನಿಜವಾಗಿ ನಡೆದದ್ದೇನು? ಗೇಣಿದಾರ ಏಳನೇ ನಮೂನೆಯ ಅರ್ಜಿ ತುಂಬಿಸಿದ. ಭೂ ನ್ಯಾಯಮಂಡಳಿಯ ಮುಂದೆ ನಿಂತ. ಒಡೆಯನ ವಿರುದ್ಧ ಸಾಕ್ಷಿ ಹೇಳುವವರನ್ನು ಹುಡುಕಿದ. ಆ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಬೇಕಾದ ಧೈರ್ಯ ಮಚ್ಚು ಬೀಸುವ ಧೈರ್ಯಕ್ಕಿಂತ ಕಡಿಮೆಯದಲ್ಲ. ಇನ್ನೊಂದು ಕಹಿ ಸತ್ಯವೂ ಇದೆ. ಗೇಣಿಯೇ ಇಲ್ಲದ, ಬರೀ ಕೂಲಿಯಾಳಾಗಿದ್ದ ದಲಿತನಿಗೆ ಆ ಕಾಯಿದೆಯಿಂದ ಬಹಳ ಕಡೆ ಹೊಲ ಬರಲಿಲ್ಲ. ಹೊಲದ ಒಡೆಯ ಬದಲಾದ, ಕೂಲಿಯಾಳು ಹಾಗೇ ಉಳಿದ. ಇದನ್ನು ಯಾವ ಮಚ್ಚಿನಿಂದ ಕತ್ತರಿಸುತ್ತೀರಿ?

ಹಾಗಾದರೆ ದಲಿತರ ಕೈಯಲ್ಲಿ ಕತ್ತಿ ತೋರಿಸುವುದೇ ತಪ್ಪೆ? ತಪ್ಪಲ್ಲ. ಮಾರಿ ಸೆಲ್ವರಾಜ್ ಅವರ ತಮಿಳು ಚಿತ್ರ 'ಕರ್ಣನ್' (2021) ನೋಡಿ. ಆ ಊರಿಗೆ ಬಸ್ಸು ನಿಲ್ಲುವುದಿಲ್ಲ. ಚಿತ್ರದ ಮೊದಲಿಗೇ ಒಂದು ಹುಡುಗಿ ನಡುರಸ್ತೆಯಲ್ಲಿ ಬಿದ್ದು ಒದ್ದಾಡಿ ಸಾಯುತ್ತಾಳೆ, ಎರಡೂ ಬದಿಗೆ ವಾಹನಗಳು ಓಡುತ್ತಲೇ ಇರುತ್ತವೆ. ಆಮೇಲೆ ಬಸ್ಸಿನ ಗಾಜಿಗೆ ಕಲ್ಲು ಬಿದ್ದಾಗ ಅದು ಎಷ್ಟು ವರ್ಷ ಕಾದ ಕಲ್ಲು ಎಂದು ನಮಗೆ ಗೊತ್ತಿರುತ್ತದೆ. ಆ ಕಲ್ಲಿಗೆ ಪೊಲೀಸರು ಕೊಡುವ ಉತ್ತರವೂ ಚಿತ್ರದಲ್ಲಿದೆ. ಸತ್ತವರ ದುಃಖ ಇದೆ, ಜೈಲಿನ ವರ್ಷಗಳಿವೆ. ತಮಿಳುನಾಡಿನ ಕೊಡಿಯಂಕುಳಂನಲ್ಲಿ 1995ರಲ್ಲಿ ಪೊಲೀಸರು ದಲಿತರ ಮನೆಗಳಿಗೆ ನುಗ್ಗಿದ್ದರ ನೆನಪು ಅದರ ಬೆನ್ನಿಗಿದೆ. ಮಚ್ಚಿಗೂ ಕತ್ತಿಗೂ ನಡುವಿನ ಫರಕು ಇದು. ಒಂದು ಚಪ್ಪಾಳೆ ಬಿದ್ದಲ್ಲಿಗೆ ಮುಗಿಯುತ್ತದೆ. ಇನ್ನೊಂದು ಮರುದಿನದ ಲೆಕ್ಕವನ್ನೂ ಕೊಡುತ್ತದೆ.

3

ಹೆಣ್ಣಿನ ಮೈ ಮೇಲಿನ ಹಿಂಸೆಯ ಪ್ರಶ್ನೆ ಇನ್ನೂ ಕಠಿಣ. ನಮ್ಮ ಸಾಮಾನ್ಯ ಚಿತ್ರಗಳಲ್ಲಿ ಹೀರೋಗೆ ಒಬ್ಬ ತಂಗಿ ಇರುತ್ತಾಳೆ. ಅವಳ ಮೇಲೆ ಅತ್ಯಾಚಾರ ಆಗುವುದೇ ಅವಳ ಪಾತ್ರ. ಅಣ್ಣನ ಸಿಟ್ಟಿಗೆ ಅವಳು ಸೀಮೆಎಣ್ಣೆ. ಬೆಂಕಿ ಹತ್ತಿದ ಮೇಲೆ ಅವಳ ನೆನಪು ಯಾರಿಗೂ ಬೇಡ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆದರೆ ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್' (1994) ಆ ಸಾಲಿನದಲ್ಲ. ಮಲ್ಲಾ ಜಾತಿಯ ಫೂಲನ್ ದೇವಿಯನ್ನು ಮೇಲ್ಜಾತಿಯವರು ಬೆತ್ತಲೆ ಮಾಡಿ ಬಾವಿಯ ನೀರು ಸೇದಲು ಕಳಿಸುವ ದೃಶ್ಯ ಅದರಲ್ಲಿದೆ. ಊರು ಸುತ್ತ ನಿಂತು ನೋಡುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟು ಈ ಚಿತ್ರವನ್ನು ಎತ್ತಿ ಹಿಡಿಯಿತು. ಆ ಬೆತ್ತಲೆ ನೋಡುವವನಲ್ಲಿ ಕಾಮ ಹುಟ್ಟಿಸುವುದಿಲ್ಲ, ಅವಳ ಬಗ್ಗೆ ಕನಿಕರವನ್ನೂ ಹಾಗೆ ಮಾಡಿದವರ ಬಗ್ಗೆ ಹೇಸಿಗೆಯನ್ನೂ ಹುಟ್ಟಿಸುತ್ತದೆ ಎಂಬುದು ಕೋರ್ಟಿನ ತರ್ಕ. ಆ ತರ್ಕವನ್ನು ನಾವು ಒಪ್ಪುತ್ತೇವೆ. ಆದರೆ ಬದುಕಿದ್ದ ಫೂಲನ್ ದೇವಿಯೇ ಈ ಚಿತ್ರದ ವಿರುದ್ಧ ದಿಲ್ಲಿಯ ಹೈಕೋರ್ಟಿಗೆ ಹೋಗಿದ್ದಳು. ಮುಂದೆ ರಾಜಿ ಆದದ್ದು ಬೇರೆ ಮಾತು. ಆಕೆಯ ಮೈ ಮೇಲೆ ನಡೆದದ್ದನ್ನು ಆಕೆ ಒಪ್ಪದೆ ಇಡೀ ದೇಶಕ್ಕೆ ತೋರಿಸಬಹುದೆ ಎಂದು ಅರುಂಧತಿ ರಾಯ್ ಆಗಲೇ ಕೇಳಿದ್ದರು. ನಮ್ಮ ನಿಲುವು ಸ್ಪಷ್ಟ. ಅನುಭವಿಸಿದವಳು ಬೇಡ ಎಂದ ಮೇಲೆ ಎಂಥ ಕಲೆಯೂ ದೊಡ್ಡದಲ್ಲ. ದೃಶ್ಯ ಸರಿ ಇದ್ದರೂ ಅದನ್ನು ಪಡೆದ ದಾರಿ ಸರಿ ಇರಬೇಕು. ಕೇರಿಯ ನೋವನ್ನು ಕೇರಿಗೆ ಕೇಳದೆ ತೆಗೆದುಕೊಂಡು ಹೋಗುವುದು ಹೊಸದೇನಲ್ಲ. ಹಿಂದೆ ಧಾನ್ಯ ಒಯ್ಯುತ್ತಿದ್ದರು, ಈಗ ಕಥೆ ಒಯ್ಯುತ್ತಾರೆ.

ಸುತ್ತ ನಿಂತು ನೋಡಿದ ಊರಿನ ಮಾತು ಬಂತಲ್ಲ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಹೋದನೆಂದು ಅವನ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಸುಮ್ಮನೆ ನೋಡುತ್ತ ನಿಂತವರನ್ನೂ ಹೊಣೆ ಮಾಡಬೇಕು ಎಂಬ ಮಾತನ್ನು ಹೈಕೋರ್ಟು ಆಗ ಆಡಿತು. ಸಿನಿಮಾದ ಮುಂದೆ ಕುಳಿತ ನಾವೂ ನೋಡುತ್ತ ನಿಂತವರೇ. ಒಳ್ಳೆಯ ಚಿತ್ರ ಈ ಹೊಣೆಯನ್ನು ನೆನಪಿಸುತ್ತದೆ. ಕೆಟ್ಟ ಚಿತ್ರ ಟಿಕೆಟ್ಟಿನ ದುಡ್ಡಿಗೆ ಆ ಹೊಣೆಯನ್ನು ಕಳಚಿ ಕೊಡುತ್ತದೆ. ನಾಗರಾಜ್ ಮಂಜುಳೆ ಅವರ ಮರಾಠಿ ಚಿತ್ರ 'ಫ್ಯಾಂಡ್ರಿ'ಯ (2013) ಕೊನೆಯಲ್ಲಿ ಹಂದಿ ಹಿಡಿಯುವವರ ಹುಡುಗ ಬೀಸಿದ ಕಲ್ಲು ನೇರ ಕ್ಯಾಮೆರಾದ ಕಡೆಗೆ, ಅಂದರೆ ನಮ್ಮ ಹಣೆಗೇ ಬರುತ್ತದೆ. ಅಷ್ಟು ಹೊತ್ತು ಆ ಕುಟುಂಬದ ಅವಮಾನ ನೋಡಿ ನಕ್ಕವರಲ್ಲಿ ನೀನೂ ಒಬ್ಬ ಎನ್ನುತ್ತದೆ ಆ ಕಲ್ಲು.

4

ಹಾಗಿದ್ದರೆ ತೋರಿಸದೆ ಬಿಡುವುದೇ ಉತ್ತಮವೆ? ಮಂಜುಳೆ ಅವರದೇ 'ಸೈರಾಟ್' (2016) ನೋಡಿದವರು ಹೌದು ಅನ್ನಬಹುದು. ಕೊಲೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೊರಗೆ ಹೋಗಿದ್ದ ಕೂಸು ಮನೆಯೊಳಗೆ ಬಂದು, ಕೆಂಪಾದ ಪುಟ್ಟ ಹೆಜ್ಜೆ ಊರುತ್ತ ಅಳುತ್ತ ಹೊರಗೆ ಹೋಗುತ್ತದೆ. ಆ ಹೆಜ್ಜೆಗಳೇ ಮರುದಿನ. ಜಾತಿ ಮೀರಿದ ಮದುವೆಗೆ ಕೊಲೆಯ ಉತ್ತರ ಕೊಟ್ಟ ಸುದ್ದಿ 2022ರ ಡಿಸೆಂಬರಿನಲ್ಲಿ ಜಮಖಂಡಿ ತಾಲ್ಲೂಕಿನ ಹಳ್ಳಿಯಿಂದಲೇ ಬಂದಿತ್ತು. ಹಾಗಾಗಿ ಆ ಹೆಜ್ಜೆ ನಮ್ಮ ಅಂಗಳದ್ದೂ ಹೌದು.

ಆದರೆ ಮರೆಮಾಡುವುದನ್ನೇ ನಿಯಮ ಮಾಡಿದರೆ ತಪ್ಪಾಗುತ್ತದೆ. ವೆಟ್ರಿಮಾರನ್ ಅವರ 'ವಿಸಾರಣೈ' (2015) ಪೊಲೀಸ್ ಠಾಣೆಯ ಹೊಡೆತವನ್ನು ನೇರವಾಗಿ, ದೀರ್ಘವಾಗಿ ತೋರಿಸುತ್ತದೆ. ಪಾರ್ಕಿನಲ್ಲಿ ಮಲಗುವ ತಮಿಳು ಕೂಲಿ ಹುಡುಗರನ್ನು ಗುಂಟೂರಿನ ಠಾಣೆಗೆ ಎಳೆದು, ಮಾಡದ ಕಳವನ್ನು ಒಪ್ಪಿಸಲು ಬಡಿಯುತ್ತಾರೆ. ಇದನ್ನು ಬರೆದವರು ಎಂ. ಚಂದ್ರಕುಮಾರ್, ಕೊಯಮತ್ತೂರಿನ ಆಟೋ ಚಾಲಕ, ಸ್ವತಃ ಆ ಹೊಡೆತ ತಿಂದವರು. ಅಲ್ಲಿ ಕ್ಯಾಮೆರಾ ಮುಖ ತಿರುಗಿಸಿದ್ದರೆ ಠಾಣೆಯ ಗೋಡೆ ಮಾಡುವ ಕೆಲಸವನ್ನೇ ಮಾಡಿದಂತಾಗುತ್ತಿತ್ತು. ಯಾವ ಹಿಂಸೆಯನ್ನು ಸರ್ಕಾರ ಗೋಡೆಯ ಹಿಂದೆ ಮುಚ್ಚಿಡುತ್ತದೋ ಅದನ್ನು ತೆರೆಯಲೇಬೇಕು. ಯಾವ ಹಿಂಸೆಯನ್ನು ಮೇಲ್ಜಾತಿ ಊರ ನಡುವೆ ಪ್ರದರ್ಶನಕ್ಕೆ ಇಡುತ್ತದೋ ಅದನ್ನು ಮತ್ತೊಮ್ಮೆ ಪ್ರದರ್ಶನ ಮಾಡುವಾಗ ನೂರು ಸಲ ಯೋಚಿಸಬೇಕು. ಇದು ನಮ್ಮ ತಿಳುವಳಿಕೆ.

ಕೇರಿಯ ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ. 'ನಮ್ಮವರು ಬಡಿಸಿಕೊಳ್ಳೋದನ್ನ ನೋಡಾಕ ಟಿಕೀಟ ಯಾಕ ತಗೀಬೇಕ? ಮನ್ಯಾಗ ನೋಡಿಲ್ಲೇನು?' ಈ ಮಾತಿಗೆ ಬೆಲೆ ಇದೆ. ನೋವನ್ನೇ ನೋಡಿ ನೋಡಿ ನಮ್ಮ ಮಕ್ಕಳಿಗೆ ತಾವು ಬರೀ ಹೊಡೆತ ತಿನ್ನುವವರು ಎಂಬ ಭಾವನೆ ಬರಬಾರದು. ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' (2018) ಇದಕ್ಕೆ ಒಂದು ಉತ್ತರ. ಕಾನೂನು ಓದುವ ದಲಿತ ಹುಡುಗನಿಗೆ ಆಗುವ ಅವಮಾನಕ್ಕೆ ಅಲ್ಲಿ ಮಿತಿ ಇಲ್ಲ. ಅವನ ನಾಯಿಯನ್ನು ರೈಲಿನ ಹಳಿಗೆ ಕಟ್ಟಿ ಕೊಲ್ಲುತ್ತಾರೆ, ತಂದೆಯನ್ನು ಬೀದಿಯಲ್ಲಿ ಬೆತ್ತಲೆ ಓಡಿಸುತ್ತಾರೆ. ಕೊನೆಗೆ ಹುಡುಗ ಕೊಲ್ಲುವುದಿಲ್ಲ, ಸಾಯುವುದೂ ಇಲ್ಲ. ಎದುರು ಕುಳಿತು ಮಾತಾಡುತ್ತಾನೆ. ಎರಡು ಚಹಾದ ಲೋಟಗಳು ಪಕ್ಕ ಪಕ್ಕ ಉಳಿಯುತ್ತವೆ. ಲೋಟದ ಅರ್ಥ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕೆ?

5

ಇನ್ನು ಸೆನ್ಸಾರ್ ಮಂಡಳಿ. ಹಿಂಸೆಯನ್ನು ತೂಗುವ ತಕ್ಕಡಿ ಅದರ ಕೈಯಲ್ಲಿದೆ. ಆ ತಕ್ಕಡಿ ಹೇಗಿದೆ ನೋಡಿ. ಮಲಯಾಳಂನ 'ಮಾರ್ಕೊ' 2024ರ ಡಿಸೆಂಬರಿನಲ್ಲಿ ಬಂತು. ಮಕ್ಕಳನ್ನು, ಬಸುರಿಯನ್ನು ಕೊಲ್ಲುವ ದೃಶ್ಯಗಳನ್ನು ರುಚಿ ರುಚಿಯಾಗಿ ತೋರಿಸುವ ಚಿತ್ರ ಅದು. ವಯಸ್ಕರ ಸರ್ಟಿಫಿಕೇಟು ಸಿಕ್ಕಿತು, ಟಾಕೀಜಿನಲ್ಲಿ ಓಡಿತು. ಸಂಧ್ಯಾ ಸೂರಿ ಅವರ 'ಸಂತೋಷ್' (2024) ದಲಿತ ಹುಡುಗಿಯೊಬ್ಬಳ ಕೊಲೆಯ ತನಿಖೆಯಲ್ಲಿ ಪೊಲೀಸರ ಕ್ರೌರ್ಯ ಮತ್ತು ಜಾತಿಬುದ್ಧಿಯನ್ನು ತೋರಿಸಿತು. 2025ರಲ್ಲಿ ಅದರ ಬಿಡುಗಡೆ ಇಲ್ಲಿ ತಡೆಹಿಡಿಯಲ್ಪಟ್ಟಿತು. ಅದೇ ವರ್ಷ 'ಫುಲೆ' ಚಿತ್ರದಿಂದ ಜಾತಿಯ ಹೆಸರುಗಳನ್ನು ತೆಗೆಯಲು ಹೇಳಿದರು. ಅಂದರೆ ಕರುಳು ಕಾಣಬಹುದು, ಜಾತಿ ಕಾಣಬಾರದು. ಹೊಡೆಯುವವನು ಊರು ಹೆಸರಿಲ್ಲದ ರಾಕ್ಷಸನಾದರೆ ಅಡ್ಡಿ ಇಲ್ಲ. ಅವನಿಗೆ ಖಾಕಿ ಇದ್ದರೆ, ಜಾತಿ ಇದ್ದರೆ, ವಿಳಾಸ ಇದ್ದರೆ ಅಡ್ಡಿ.

ಇನ್ನೂ ಒಂದು ಬಗೆಯ ಹಿಂಸೆ ಇದೆ. ಅದಕ್ಕೆ ಸೆನ್ಸಾರೂ ಬೇಡ, ಯಾಕಂದರೆ ಅದನ್ನು ತೆಗೆಯುವವರೇ ಕಡಿಮೆ. ಬೀಳಗಿ ತಾಲ್ಲೂಕಿನ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವು. ಮನೆ, ಹೊಲ, ಹಿರಿಯರ ಸಮಾಧಿ ನೀರಿನಡಿ ಹೋದವು. ಹೊಲ ಇದ್ದವನಿಗೆ ಪರಿಹಾರದ ಕಾಗದ, ಹೊಲವಿಲ್ಲದ ಕೂಲಿಯವನಿಗೆ ಕಾಗದವೂ ಇಲ್ಲದ ಗುಳೆ. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇನ್ನೂ ತಲೆಯ ಮೇಲೆ ತೂಗುತ್ತಿದೆ. ಈ ಹಿಂಸೆಯಲ್ಲಿ ಒಂದು ಹನಿ ನೆತ್ತರಿಲ್ಲ. ಗುದ್ದಲು ಖಳನಾಯಕನ ಮೂಗಿಲ್ಲ. ಆದ್ದರಿಂದ ಹೀರೋಗೆ ಇಲ್ಲಿ ಕೆಲಸವಿಲ್ಲ. ಹೀರೋ ಗುದ್ದಬಲ್ಲ ಹಿಂಸೆ ಮಾತ್ರ ಹಿಂಸೆ ಎಂದು ನಂಬಿಸುವುದೇ ಹೊಡಿಬಡಿ ಪಿಕ್ಚರುಗಳ ದೊಡ್ಡ ಮೋಸ.

ಹಲಗಲಿಯ ದಂಗೆಯ ಮೇಲೆ ದೊಡ್ಡ ಚಿತ್ರ ಮಾಡುವ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಇಂಥ ಚಿತ್ರ ಯಾರೇ ಮಾಡಲಿ, ಸಂತೋಷವೇ. ಬೆಂಕಿ ತೋರಿಸಲಿ, ನೇಣು ತೋರಿಸಲಿ, ಕಾರಕೂನನ ಕಪಾಳಕ್ಕೆ ಬಿದ್ದ ಏಟನ್ನೂ ತೋರಿಸಲಿ. ನಾವು ಕಣ್ಣು ಮುಚ್ಚುವುದಿಲ್ಲ. ಆದರೆ ಮುಧೋಳದ, ಜಮಖಂಡಿಯ, ಬೀಳಗಿಯ, ರಬಕವಿ-ಬನಹಟ್ಟಿಯ ಮಂದಿ ಆ ಚಿತ್ರಕ್ಕೆ ಹೋದಾಗ ಲಾವಣಿಯ ಪಟ್ಟಿ ಕೈಯಲ್ಲಿ ಹಿಡಿದೇ ಹೋಗಬೇಕು. ಮಾಸ್ತರರು ಪಾಠ ಮಾಡುವಾಗ ಮಕ್ಕಳಿಗೆ ಈ ಎಣಿಕೆಯನ್ನು ಕಲಿಸಬೇಕು. ಎಷ್ಟು ಮಂದಿ ಹಾರಿ ಬಿದ್ದರು ಎಂದು ಎಣಿಸುವುದನ್ನು ಬಿಡಿ. ಗಲ್ಲಿಗೆ ಹೋದ 19 ಮಂದಿಯಲ್ಲಿ ಎಷ್ಟು ಜನರಿಗೆ ಹೆಸರು ಕೊಟ್ಟಿದ್ದೀರಿ ಎಂದು ಕೇಳಿ. ಅವರ ಹೆಂಡಂದಿರು ಮರುದಿನ ಯಾವ ಕಲ್ಲಿನಲ್ಲಿ ಜೋಳ ಬೀಸಿದರು ಎಂದು ಕೇಳಿ.